ಕಂದಾಯ ಕಟ್ಟಿದ ರಶೀದಿ ಇದೆ, ಮನೆ ಯಾರದು?

ಐಮಂಗಲ: ಹಿರಿಯೂರು ತಾಲ್ಲೂಕಿನ ಗುಯಿಲಾಳು ಟೋಲ್‌ನಲ್ಲಿ ಕಾರು ಪೂರಾ ನಿಲ್ಲುವುದೂ ಇಲ್ಲ. ಗಾಜಿಗೆ ಅಂಟಿಸಿದ ಫಾಸ್ಟ್ಯಾಗ್ ಚೀಟಿಯಿಂದ ದುಡ್ಡು ತಾನಾಗಿ ಕಟ್ಟಾಗುತ್ತದೆ. ಕಂಬ ಮೇಲೇಳುತ್ತದೆ, ಗಾಡಿ ಮುಂದೆ ಹೋಗುತ್ತದೆ. ಅಲ್ಲಿ ಯಾರೂ ‘ಯಾತಕ್ಕೆ ಕಟ್ಟಬೇಕು?’ ಎಂದು ಗಲಾಟೆ ಮಾಡುವುದಿಲ್ಲ. ಆದರೆ ಅದೇ ಕಾರಿನ ಯಜಮಾನರು ಊರು ಸೇರಿದ ಮೇಲೆ ಪಂಚಾಯಿತಿಯ ಬಿಲ್ ಕಲೆಕ್ಟರ್ ಬಾಗಿಲಿಗೆ ಬಂದರೆ ಮಾತಿನ ಧಾಟಿಯೇ ಬೇರೆ.

‘ಮುಂದಿನ ತಿಂಗ್ಳು ಬಾರಪ್ಪ.’

‘ಬೀದಿ ದೀಪ ಕೆಟ್ಟು ಹದಿನೈದು ದಿನ ಆಯ್ತು, ಮೊದ್ಲು ಅದನ್ನ ನೋಡ್ರಿ.’

‘ನಲ್ಲೀಲಿ ನೀರೇ ಇಲ್ಲ, ಕಂದಾಯ ಯಾತರದ್ದು?’

ಐಮಂಗಲವೂ ಸೇರಿ ಹೆದ್ದಾರಿ ಬದಿಯ ಊರುಗಳಲ್ಲಿ ವರ್ಷವರ್ಷವೂ ನಡೆಯುವ ಮಾತುಕತೆ ಇದು. ಇದರಲ್ಲಿ ತಪ್ಪು ಒಂದೇ ಕಡೆ ಇಲ್ಲ. ಆದರೆ ಈ ಜಗಳದ ನಡುವೆ ಮನೆಯವರಿಗೆ ನಿಜವಾಗಿ ತಿಳಿದಿರಬೇಕಾದ ಸಂಗತಿಯೊಂದು ಹಾಗೇ ಉಳಿದುಬಿಟ್ಟಿದೆ. ಜನರಲ್ಲಿ ಎರಡು ನಂಬಿಕೆಗಳಿವೆ. ‘ಕಂದಾಯ ಕಟ್ಟಿದ್ರೆ ಏನೂ ಬರಲ್ಲ’ ಎಂಬುದು ಒಂದು. ‘ಇಷ್ಟು ವರ್ಷ ಕಂದಾಯ ಕಟ್ಟಿದೀನಿ, ಮನೆ ನಂದೇ’ ಎಂಬುದು ಇನ್ನೊಂದು. ಎರಡೂ ತಪ್ಪು. ಮೊದಲನೆಯದರಿಂದ ಊರಿಗೆ ನಷ್ಟ. ಎರಡನೆಯದರಿಂದ ಸಂಸಾರಕ್ಕೇ ನಷ್ಟ.

ಕಂದಾಯ ಎರಡು, ಕಚೇರಿ ಎರಡು

ಹಳ್ಳಿಯ ಬಾಯಲ್ಲಿ ಎಲ್ಲವೂ ಕಂದಾಯವೇ. ಆದರೆ ಹೊಲದ ಕಂದಾಯ ಬೇರೆ, ಮನೆ ಕಂದಾಯ ಬೇರೆ. ಹೊಲದ್ದು ಕಂದಾಯ ಇಲಾಖೆಗೆ ಸೇರಿದ್ದು. ಅದರ ದಾಖಲೆ ಪಹಣಿ. ಮನೆಯದು ಗ್ರಾಮ ಪಂಚಾಯಿತಿಗೆ ಸೇರಿದ್ದು. ಅದರ ದಾಖಲೆ ನಮೂನೆ 9 ಮತ್ತು 11. ಪಹಣಿ ಕೈಲಿದೆ ಎಂದು ಮನೆ ಕಂದಾಯ ಬಿಡುವಂತಿಲ್ಲ. ಮನೆ ಕಂದಾಯದ ರಶೀದಿ ಇದೆ ಎಂದು ಹೊಲದಲ್ಲಿ ಎಬ್ಬಿಸಿದ ಮನೆ ಸಕ್ರಮವಾಗಿಯೂ ಬಿಡುವುದಿಲ್ಲ.

ಪಂಚಾಯಿತಿಗೆ ಈ ಅಧಿಕಾರ ಕೊಟ್ಟಿರುವುದು 1993ರ ಪಂಚಾಯತ್ ರಾಜ್ ಕಾಯ್ದೆಯ 199ನೇ ಪ್ರಕರಣ. ವ್ಯವಸಾಯದ ಕಂದಾಯಕ್ಕೆ ಒಳಪಡದ ಜಾಗ ಮತ್ತು ಕಟ್ಟಡಗಳ ಮೇಲೆ ಪಂಚಾಯಿತಿ ತೆರಿಗೆ ಹಾಕಬೇಕು ಎನ್ನುತ್ತದೆ ಅದು. ‘ಹಾಕಬಹುದು’ ಎಂದಲ್ಲ, ‘ಹಾಕಬೇಕು’. ಆದ್ದರಿಂದ ಸದಸ್ಯರಿಗೆ ಮನಸ್ಸಿಲ್ಲ, ಚುನಾವಣೆ ಹತ್ತಿರ ಬಂತು ಎಂಬ ಕಾರಣಕ್ಕೆ ಕೈಬಿಡುವಂಥದ್ದಲ್ಲ. ಮನೆ ಕಟ್ಟದ ಖಾಲಿ ನಿವೇಶನಕ್ಕೂ ತೆರಿಗೆ ಉಂಟು.

ಬಾಡಿಗೆಗೆ ಇರುವ ಅಂಗಡಿಕಾರರು ಗಮನಿಸಬೇಕಾದ ಒಂದು ಮಾತೂ ಅದೇ ಪ್ರಕರಣದಲ್ಲಿದೆ. ಮಾಲೀಕ ಊರು ಬಿಟ್ಟುಹೋಗಿದ್ದರೆ, ಅಥವಾ ಎಲ್ಲಿದ್ದಾನೆಂದು ಪತ್ತೆಯೇ ಇಲ್ಲದಿದ್ದರೆ, ಕಟ್ಟಡದಲ್ಲಿ ಇರುವವನೇ ತೆರಿಗೆಗೆ ಹೊಣೆ. ‘ಓನರ್ರು ಬೆಂಗ್ಳೂರಲ್ಲವ್ರೆ, ಅವರ್ನೇ ಕೇಳ್ರಿ’ ಎಂಬ ಉತ್ತರ ಎಲ್ಲ ಕಾಲಕ್ಕೂ ನಡೆಯದು. ಬಾಡಿಗೆ ಕರಾರು ಬರೆಯುವಾಗಲೇ ಕಂದಾಯ ಯಾರು ಕಟ್ಟಬೇಕು ಎಂಬ ಒಂದು ಸಾಲು ಸೇರಿಸಿಕೊಂಡರೆ ಕ್ಷೇಮ.

ಸಾವಿರಕ್ಕೆ ಮುನ್ನೂರ ನಲವತ್ತು ಹೆಚ್ಚು ಏಕೆ?

ರಶೀದಿ ಕೈಗೆ ಬಂದಾಗ ಬಹಳ ಮಂದಿ ಕೆಳಗಿನ ಮೊತ್ತ ಮಾತ್ರ ನೋಡಿ ಮಡಚಿ ಜೇಬಿಗಿಡುತ್ತಾರೆ. ‘ಸಾವಿರ ಅಂದಿದ್ರು, ಬಿಲ್ ನೋಡಿದ್ರೆ ಸಾವಿರದ ಮುನ್ನೂರ ನಲವತ್ತು ಆಗೈತೆ, ಯಾರೋ ತಿಂದವ್ರೆ’ ಎಂಬ ಅನುಮಾನವೂ ಹುಟ್ಟುತ್ತದೆ.

ತಿಂದದ್ದಲ್ಲ, ಲೆಕ್ಕವೇ ಹಾಗಿದೆ. ಮನೆ ತೆರಿಗೆಯ ಮೇಲೆ ನಾಲ್ಕು ಉಪಕರಗಳು ಸೇರುತ್ತವೆ. ಆರೋಗ್ಯ ಕರ ಶೇ. 15, ಶಿಕ್ಷಣ ಕರ ಶೇ. 10, ಗ್ರಂಥಾಲಯ ಕರ ಶೇ. 6, ಭಿಕ್ಷುಕರ ಕರ ಶೇ. 3. ಒಟ್ಟು ಶೇ. 34. ತೆರಿಗೆ 1000 ರೂಪಾಯಿ ಆದರೆ ಕರಗಳು 340, ಕಟ್ಟಬೇಕಾದದ್ದು 1340. ನಲ್ಲಿ ಇದ್ದರೆ ನೀರಿನ ದರ ಬೇರೆ. ಹಳೇ ಬಾಕಿ ಇದ್ದರೆ ಅದೂ ಬೇರೆ ಸಾಲಿನಲ್ಲಿ ಬರುತ್ತದೆ.

ಈ ಉಪಕರದ ದುಡ್ಡು ಪಂಚಾಯಿತಿಯ ಸ್ವಂತದ್ದಲ್ಲ. ಯಾವ ಉದ್ದೇಶಕ್ಕೆ ವಸೂಲಾಯಿತೋ ಆ ಉದ್ದೇಶಕ್ಕೇ ಸಲ್ಲಬೇಕು. ಭಿಕ್ಷುಕರ ಕರ 1975ರ ಭಿಕ್ಷಾಟನೆ ನಿಷೇಧ ಕಾಯ್ದೆಯಿಂದ ಬಂದದ್ದು. ನಿರಾಶ್ರಿತರ ಕೇಂದ್ರಗಳ ಖರ್ಚಿಗೆ ಅದು. ಗ್ರಂಥಾಲಯ ಕರದ ಹಿಂದೆ 1965ರ ಗ್ರಂಥಾಲಯ ಕಾಯ್ದೆ ಇದೆ. ಊರಿನ ಗ್ರಂಥಾಲಯಕ್ಕೆ ಈಗ ‘ಅರಿವು ಕೇಂದ್ರ’ ಎಂಬ ಬೋರ್ಡು ಬಿದ್ದಿದೆ. ಅಲ್ಲಿ ಪೇಪರು ಓದಲು ಹೋಗುವವರು ತಾವು ಕಟ್ಟಿದ ಕರದ ಹಕ್ಕಿನಿಂದಲೇ ಹೋಗುತ್ತಾರೆ, ಯಾರ ಉಪಕಾರದಿಂದಲೂ ಅಲ್ಲ.

ಇನ್ನು ಮೂಲ ತೆರಿಗೆ ಎಷ್ಟು ಎಂಬ ಪ್ರಶ್ನೆ. ಹಿಂದೆ ಮನೆಗೆ ವರ್ಷಕ್ಕೆ ಎಷ್ಟು ಬಾಡಿಗೆ ಬಂದೀತು ಎಂಬ ಅಂದಾಜಿನ ಮೇಲೆ ತೆರಿಗೆ ನಿಲ್ಲುತ್ತಿತ್ತು. ಈಗ ಬಂಡವಾಳ ಮೌಲ್ಯದ ಲೆಕ್ಕ. ಜಾಗದ ಮಾರ್ಗಸೂಚಿ ಬೆಲೆ ಎಷ್ಟು, ಕಟ್ಟಡ ಎಷ್ಟು ಚದರ, ಆರ್‌ಸಿಸಿಯೋ ಹೆಂಚಿನದೋ ಶೀಟಿನದೋ, ಕಟ್ಟಿ ಎಷ್ಟು ವರ್ಷವಾಯಿತು, ವಾಸಕ್ಕೋ ವ್ಯಾಪಾರಕ್ಕೋ ಎಂಬುದನ್ನೆಲ್ಲ ನೋಡಿ ತೆರಿಗೆ ನಿಲ್ಲಬೇಕು. ದರ ಎಷ್ಟಿರಬೇಕು ಎಂಬುದಕ್ಕೆ ಕಾಯ್ದೆಯ ನಾಲ್ಕನೇ ಅನುಸೂಚಿಯಲ್ಲಿ ಮಿತಿ ಇದೆ. ಪಂಚಾಯಿತಿ ಅದನ್ನು ಮೀರುವಂತಿಲ್ಲ.

ಇಲ್ಲಿ ಒಂದು ಎಡವಟ್ಟು. ಮನೆಯ ಮುಂದಿನ ಕೋಣೆಯಲ್ಲಿ ಕಿರಾಣಿ ಅಂಗಡಿ ಇಟ್ಟವರು, ಟೀ ಹೋಟೆಲು ತೆರೆದವರು ಅದನ್ನು ಪಂಚಾಯಿತಿ ಪುಸ್ತಕಕ್ಕೆ ಏರಿಸುವುದೇ ಇಲ್ಲ. ‘ಯಾಕೆ ಸುಮ್ನೆ ಹೆಚ್ಚು ಕಟ್ಟಬೇಕು’ ಎಂಬ ಲೆಕ್ಕ. ಸರಿ, ವರ್ಷಕ್ಕೆ ಕೆಲವು ನೂರು ರೂಪಾಯಿ ಉಳಿಯಿತು. ನಾಳೆ ಬ್ಯಾಂಕಿಗೆ ಹೋಗಿ ಅಂಗಡಿ ಮೇಲೆ ಸಾಲ ಕೇಳಿದಾಗ ದಾಖಲೆಯಲ್ಲಿ ಅಂಗಡಿಯೇ ಇಲ್ಲ! ಹೆದ್ದಾರಿ ಕೆಲಸಕ್ಕೆ ಕಟ್ಟಡ ಹೋದರೆ ಪರಿಹಾರದ ಲೆಕ್ಕಕ್ಕೂ ದಾಖಲೆಯನ್ನೇ ಕೇಳುತ್ತಾರೆ. ಉಳಿಸಿದ್ದು ಕಾಸು, ಕಳೆದದ್ದು ರೂಪಾಯಿ.

ಹಿರಿಯ ಮಗನ ರಶೀದಿ ಕಟ್ಟು

ಈಗ ಮುಖ್ಯ ವಿಷಯಕ್ಕೆ ಬರೋಣ. ಯಾವ ಊರಿನಲ್ಲಾದರೂ ಸಿಗುವಂಥ ಒಂದು ಸಂಸಾರವನ್ನು ಉದಾಹರಣೆಗೆ ಇಟ್ಟುಕೊಳ್ಳಬಹುದು.

ತಂದೆ ಸ್ವಂತ ದುಡಿಮೆಯಲ್ಲಿ ನಿವೇಶನ ತೆಗೆದುಕೊಂಡು ಮನೆ ಕಟ್ಟಿದರು. ಕಾಲವಾದರು. ಹಿರಿಯ ಮಗ ಊರಲ್ಲೇ ಉಳಿದು ತಾಯಿಯನ್ನು ನೋಡಿಕೊಂಡ. ಕಿರಿಯವನು ಬೆಂಗಳೂರು ಸೇರಿದ. ಮಗಳನ್ನು ಹೊಸದುರ್ಗದ ಕಡೆ ಕೊಟ್ಟಾಯಿತು. ಹಿರಿಯವನು ಹನ್ನೆರಡು ವರ್ಷ ತಪ್ಪದೆ ಮನೆ ಕಂದಾಯ ಕಟ್ಟಿದ. ರಶೀದಿಗಳನ್ನು ದಾರ ಪೋಣಿಸಿ ದೇವರ ಗೂಡಿನ ಪಕ್ಕ ನೇತುಹಾಕಿದ. ಒಂದು ದಿನ ಅಂಗಡಿಗೆ ಸಾಲ ಬೇಕಾಯಿತು. ಬ್ಯಾಂಕಿನವರು ಇ-ಸ್ವತ್ತು ತನ್ನಿ ಎಂದರು. ಪಂಚಾಯಿತಿಯಲ್ಲಿ ಕೇಳಿದರೆ, ‘ಖಾತೆ ಇನ್ನೂ ನಿಮ್ಮ ತಂದೆ ಹೆಸರಲ್ಲೇ ಐತಲ್ಲಣ್ಣ’ ಎಂಬ ಉತ್ತರ.

ರಶೀದಿ ತಿರುಗಿಸಿ ನೋಡಿದರೆ ಹೌದು, ಹನ್ನೆರಡು ರಶೀದಿಯಲ್ಲೂ ತಂದೆಯ ಹೆಸರೇ. ಕಟ್ಟಿದವನು ಮಗ, ಕಟ್ಟಿದ್ದು ತಂದೆಯ ಲೆಕ್ಕಕ್ಕೆ.

‘ಆದ್ರೇನು, ಕಟ್ಟಿದ್ದು ನಾನೇ ಅಲ್ವಾ? ಮನೆ ನಂಗೇ ಸೇರ್ಬೇಕು’ ಎಂಬುದು ಅವನ ವಾದ. ಕೇಳಲು ನ್ಯಾಯ ಅನ್ನಿಸುತ್ತದೆ. ಆದರೆ ಕಾನೂನು ಹಾಗೆ ಹೇಳುವುದಿಲ್ಲ. ಕಂದಾಯದ ದಾಖಲೆ ಇರುವುದು ತೆರಿಗೆ ವಸೂಲಿಗೆ. ಅದರಿಂದ ಒಡೆತನ ಹುಟ್ಟುವುದೂ ಇಲ್ಲ, ಸಾಯುವುದೂ ಇಲ್ಲ. ಖಾತೆ ಬದಲಾವಣೆಯಿಂದ ಹಕ್ಕು ಹುಟ್ಟದು ಎಂದು ಸುಪ್ರೀಂ ಕೋರ್ಟು 1996ರ ತೀರ್ಪೊಂದರಲ್ಲಿ ಹೇಳಿತು. ಆಮೇಲೆಯೂ ಹಲವು ಸಲ ಅದೇ ಮಾತು ಹೇಳಿದೆ. ಉಯಿಲು ಬರೆಯದೆ ತಂದೆ ತೀರಿಕೊಂಡರೆ ಅವರ ಸ್ವಂತ ಸಂಪಾದನೆಯ ಆಸ್ತಿ 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯಂತೆ ಹೆಂಡತಿ, ಗಂಡುಮಕ್ಕಳು, ಹೆಣ್ಣುಮಕ್ಕಳಿಗೆ ಸಮಪಾಲು. ಅಂದರೆ ಈ ಮನೆಯಲ್ಲಿ ತಾಯಿಗೊಂದು, ಇಬ್ಬರು ಗಂಡುಮಕ್ಕಳಿಗೆ ಎರಡು, ಹೊಸದುರ್ಗದ ಮಗಳಿಗೊಂದು ಪಾಲು. ಹನ್ನೆರಡು ವರ್ಷದ ಕಂದಾಯ ಕಟ್ಟಿದ್ದಕ್ಕೆ ಹಿರಿಯವನು ಲೆಕ್ಕ ಕೇಳಬಹುದು. ಪೂರಾ ಮನೆ ಕೇಳುವಂತಿಲ್ಲ.

ಇದಕ್ಕೆ ದಾರಿ ಇಲ್ಲವೇ? ಇದೆ. ತಂದೆಯ ಮರಣ ಪತ್ರ, ವಂಶವೃಕ್ಷ, ವಾರಸುದಾರರ ಒಪ್ಪಿಗೆ ಇಟ್ಟು ಅರ್ಜಿ ಕೊಟ್ಟರೆ ಪೌತಿ ಖಾತೆ ಆಗುತ್ತದೆ. ಎಲ್ಲರ ಹೆಸರೂ ಬರುತ್ತದೆ. ಒಬ್ಬರಿಗೇ ಬೇಕಾದರೆ ಉಪನೋಂದಣಿ ಕಚೇರಿಯಲ್ಲಿ ಪಾಲುಪತ್ರವೋ ಹಕ್ಕು ಬಿಡುಗಡೆ ಪತ್ರವೋ ಆಗಬೇಕು. ಅಣ್ಣತಮ್ಮಂದಿರು ಒಂದೇ ಪಂಕ್ತಿಯಲ್ಲಿ ಕೂತು ಊಟ ಮಾಡುವ ಕಾಲದಲ್ಲಿ ಇದು ಒಂದು ವಾರದ ಕೆಲಸ. ಮನಸ್ಸು ಮುರಿದ ಮೇಲೆ ಹತ್ತು ವರ್ಷದ ಕೋರ್ಟು.

ಹಾಗಾದರೆ ರಶೀದಿಗೆ ಬೆಲೆಯೇ ಇಲ್ಲವೇ? ಬೆಲೆ ಇದೆ. ಸ್ವಾಧೀನದಲ್ಲಿ ಯಾರಿದ್ದರು ಎಂಬುದಕ್ಕೆ ಅದೊಂದು ಆಧಾರ. ಬಾಕಿ ಇಲ್ಲ ಎಂಬುದಕ್ಕೆ ಅದೇ ಸಾಕ್ಷಿ. ಬಾಕಿ ಉಳಿಸಿಕೊಂಡರೆ ಖಾತೆ ಬದಲಾವಣೆಯೂ ಮುಂದೆ ಹೋಗದು, ಮಾರಾಟವೂ ಸಲೀಸಾಗದು. ಕ್ರಯಪತ್ರ ಮನೆಯ ಬೇರು ಅಂದುಕೊಂಡರೆ ಕಂದಾಯದ ರಶೀದಿ ವರ್ಷವರ್ಷ ಹುಯ್ಯುವ ನೀರು. ಬೇರಿಲ್ಲದೆ ನೀರು ಹುಯ್ದರೆ ಗಿಡ ಏಳದು. ಬೇರಿದ್ದರೂ ನೀರು ಬಿಟ್ಟರೆ ಒಣಗುತ್ತದೆ.

ಒಂಬತ್ತು, ಹನ್ನೊಂದು, ಹನ್ನೊಂದು ಬಿ

2013ರಿಂದ ಈಚೆಗೆ ಪಂಚಾಯಿತಿ ಆಸ್ತಿಗಳ ದಾಖಲೆ ಇ-ಸ್ವತ್ತು ಎಂಬ ಕಂಪ್ಯೂಟರ್ ವ್ಯವಸ್ಥೆಗೆ ಬಂತು. ಅಲ್ಲಿಂದ ಬಸ್‌ಸ್ಟ್ಯಾಂಡಿನ ಮಾತಲ್ಲೂ ‘ನೈನ್ ಇಲೆವೆನ್ ಆಯ್ತಾ?’ ಎಂಬ ಪ್ರಶ್ನೆ ಸೇರಿಕೊಂಡಿತು.

ನಮೂನೆ 9 ಎಂದರೆ ಆಸ್ತಿಯ ಪಟ್ಟಿ. ಯಾರ ಹೆಸರು, ಎಷ್ಟು ಅಳತೆ, ಚೆಕ್ಕುಬಂದಿ ಏನು ಎಂಬುದು ಅದರಲ್ಲಿರುತ್ತದೆ. ನಮೂನೆ 11 ಎಂದರೆ ಆ ಆಸ್ತಿಯ ತೆರಿಗೆ ಬೇಡಿಕೆ, ವಸೂಲಿ, ಬಾಕಿಯ ವಹಿ. ಗ್ರಾಮಠಾಣದೊಳಗಿನ ಮನೆ, ಸರ್ಕಾರದ ಹಕ್ಕುಪತ್ರದ ಮನೆ, ಭೂಪರಿವರ್ತನೆಯಾಗಿ ನಕ್ಷೆ ಮಂಜೂರಾದ ಬಡಾವಣೆಯ ನಿವೇಶನ ಇಂಥವಕ್ಕೆ 9 ಮತ್ತು 11ಎ. ಈ ಲೆಕ್ಕಕ್ಕೆ ಬಾರದವಕ್ಕೆ 11ಬಿ.

ಹೆದ್ದಾರಿ ಬದಿಯ ಊರುಗಳಲ್ಲಿ ಏಟು ಬೀಳುವುದು ಈ ‘ಬಿ’ಯಲ್ಲೇ. ಆರು ಪಥದ ರಸ್ತೆ ಬಂತು, ಅಕ್ಕಪಕ್ಕದ ಹೊಲಕ್ಕೆ ಬೆಲೆ ಬಂತು. ಹೊಲವನ್ನು ತುಂಡು ಮಾಡಿ ಸುಣ್ಣದ ಗೆರೆ ಎಳೆದು ‘ಸೈಟು’ ಎಂದು ಮಾರುವವರೂ ಹುಟ್ಟಿಕೊಂಡರು. 1964ರ ಭೂಕಂದಾಯ ಕಾಯ್ದೆಯ 95ನೇ ಪ್ರಕರಣದಂತೆ ಆಗಬೇಕಾದ ಪರಿವರ್ತನೆ ಆಗಿರುವುದಿಲ್ಲ, ರಸ್ತೆ ಚರಂಡಿಗೆ ಜಾಗವೂ ಬಿಟ್ಟಿರುವುದಿಲ್ಲ. ಕೊಂಡವನಿಗೆ ದಳ್ಳಾಳಿ ಹೇಳುವುದು ಒಂದೇ ಮಾತು: ‘ಕಂದಾಯ ಕಟ್ಸಿಕೊಡ್ತೀವಿ, ರಶೀದಿ ಬರ್ತದೆ, ಇನ್ನೇನು ಬೇಕು ಸ್ವಾಮಿ?’

ಬೇಕಾದದ್ದು ಬಹಳ ಇದೆ. 11ಬಿ ಬಂದಿತು ಎಂದರೆ ಪಂಚಾಯಿತಿ ಆ ಆಸ್ತಿಯನ್ನು ತೆರಿಗೆ ಲೆಕ್ಕಕ್ಕೆ ಹಿಡಿಯಿತು ಎಂದಷ್ಟೇ ಅರ್ಥ. ಬಡಾವಣೆಯ ದೋಷ ಅಷ್ಟರಿಂದ ಕಳೆಯುವುದಿಲ್ಲ. 2025ರಲ್ಲಿ ಸರ್ಕಾರ ಪಂಚಾಯತ್ ರಾಜ್ ಕಾಯ್ದೆಗೆ ತಿದ್ದುಪಡಿ ತಂದು, ಪುಸ್ತಕದ ಹೊರಗೇ ಉಳಿದಿದ್ದ ಇಂಥ ಆಸ್ತಿಗಳಿಗೂ 11ಬಿ ಕೊಡಲು ದಾರಿ ಮಾಡಿತು. ತೆರಿಗೆಯೇ ಇಲ್ಲದೆ ಇದ್ದ ಮನೆಗಳು ಲೆಕ್ಕಕ್ಕೆ ಬರುವುದು ಒಳ್ಳೆಯದೇ. ಆದರೆ ‘ಬಿ’ ಸಿಕ್ಕಿತೆಂದು ‘ಎ’ ಬೆಲೆ ಕೊಟ್ಟು ಕೊಳ್ಳುವವರು ಎರಡು ಸಲ ಯೋಚಿಸಬೇಕು.

ಹಟ್ಟಿಗಳ ಕತೆ ಬೇರೆ. ಹಿರಿಯೂರು ಸೀಮೆಯ ಗೊಲ್ಲರಹಟ್ಟಿ, ತಾಂಡಾಗಳಲ್ಲಿ ತಲೆತಲಾಂತರದಿಂದ ಇದ್ದವರಿಗೂ ಕಾಗದ ಇರಲಿಲ್ಲ. ಮನೆ ಇದೆ, ಒಲೆ ಇದೆ, ಒಡೆತನವಿಲ್ಲ ಎಂಬ ಸ್ಥಿತಿ. ಭೂಸುಧಾರಣೆ ಕಾಯ್ದೆಗೆ 38ಎ ಪ್ರಕರಣ ಸೇರಿಸಿ, 2017ರಿಂದ ‘ವಾಸಿಸುವವನೇ ನೆಲದೊಡೆಯ’ ಎಂಬ ತತ್ವ ಜಾರಿಗೆ ಬಂದದ್ದು ಅವರಿಗಾಗಿಯೇ. 2020ರಲ್ಲಿ ಆರಂಭವಾದ ಕೇಂದ್ರದ ಸ್ವಾಮಿತ್ವ ಯೋಜನೆಯಲ್ಲಿ ಡ್ರೋನ್ ಹಾರಿಸಿ ಗ್ರಾಮಠಾಣದ ಮನೆಗಳ ಅಳತೆ ಮಾಡಿ ಆಸ್ತಿ ಕಾರ್ಡು ಕೊಡುವ ಕೆಲಸ ನಡೆದದ್ದೂ ಇದಕ್ಕೆ ಪೂರಕ. ಅಳತೆ ತಪ್ಪಾಗಿದ್ದರೆ ತಕರಾರು ಹೇಳಬೇಕಾದದ್ದು ಕರಡು ನಕ್ಷೆ ತೋರಿಸಿದಾಗಲೇ. ಕಾರ್ಡು ಬಂದ ಮೇಲೆ ನೆರೆಯವನ ಗೋಡೆ ಅಳೆಯಲು ಹೋದರೆ ಹೊಡೆದಾಟವೇ.

ಇಪ್ಪತ್ತೊಂದು ಸಾವಿರದ ಪಂಚಾಯಿತಿ

‘ಸರ್ಕಾರದಿಂದ ಕೋಟಿಗಟ್ಟಲೆ ಬರುತ್ತೆ, ನಮ್ಮ ಐನೂರರಿಂದ ಏನಾಗಬೇಕು?’ ಎಂಬ ಮಾತೂ ಇದೆ. ಇದಕ್ಕೆ ಉತ್ತರ ರಿಸರ್ವ್ ಬ್ಯಾಂಕು 2024ರ ಜನವರಿಯಲ್ಲಿ ಹೊರತಂದ ವರದಿಯಲ್ಲಿದೆ. 2022-23ರಲ್ಲಿ ದೇಶದಲ್ಲಿ ಒಂದು ಪಂಚಾಯಿತಿ ಸರಾಸರಿ ತನ್ನ ಸ್ವಂತ ತೆರಿಗೆಯಿಂದ ಗಳಿಸಿದ್ದು ಸುಮಾರು 21 ಸಾವಿರ ರೂಪಾಯಿ. ಕೇಂದ್ರದ ಅನುದಾನ ಸುಮಾರು 17 ಲಕ್ಷ, ರಾಜ್ಯಗಳದ್ದು ಮೂರೂಕಾಲು ಲಕ್ಷ. ಅಂದರೆ ಸ್ವಂತ ತೆರಿಗೆ ಕಾಳಿನಷ್ಟು, ಬಂದ ಅನುದಾನ ಮೂಟೆಯಷ್ಟು.

ಬಂದರೆ ಒಳ್ಳೆಯದಲ್ಲವೇ ಎಂದರೆ, ಆ ಮೂಟೆಯ ಬಾಯಿ ಮೇಲಿನವರೇ ಕಟ್ಟಿ ಕಳಿಸಿರುತ್ತಾರೆ. 15ನೇ ಹಣಕಾಸು ಆಯೋಗ 2021-26ರ ಅವಧಿಗೆ ಕೊಟ್ಟ ಅನುದಾನದಲ್ಲಿ ಶೇ. 60 ನೀರು ಮತ್ತು ನೈರ್ಮಲ್ಯಕ್ಕೇ ಮೀಸಲು. ಉಳಿದ ಶೇ. 40ನ್ನೂ ಸಂಬಳ, ಕಚೇರಿ ಖರ್ಚಿಗೆ ಬಳಸುವಂತಿರಲಿಲ್ಲ. ಪೈಪು ಹಾಕಲು ದುಡ್ಡು ಉಂಟು, ಪೈಪಿಗೆ ನೀರು ಬಿಡುವ ನೀರಗಂಟಿಯ ಸಂಬಳಕ್ಕೆ ಅದನ್ನು ಮುಟ್ಟುವಂತಿಲ್ಲ. ಸುಟ್ಟುಹೋದ ಮೋಟರನ್ನು ನಾಳೆ ಬೆಳಿಗ್ಗೆಯೇ ಎತ್ತಿಸಿ ಕಟ್ಟಿಸಬೇಕಾದರೆ ಕೈಲಿ ಸ್ವಂತ ಕಾಸಿರಬೇಕು. ಅದಿಲ್ಲದ ಪಂಚಾಯಿತಿ ತಾಲ್ಲೂಕು ಕಚೇರಿಯ ದಾರಿ ಕಾಯುತ್ತದೆ, ಊರು ಕೊಡ ಹಿಡಿದು ಬೋರಿನ ಹತ್ತಿರ ಕಾಯುತ್ತದೆ.

ಸುಮ್ಮನೆ ಲೆಕ್ಕಕ್ಕೆ ಒಂದು ಪಂಚಾಯಿತಿಯಲ್ಲಿ 2000 ಮನೆ, ಮನೆಗೆ ವರ್ಷಕ್ಕೆ 500 ರೂಪಾಯಿ ಎಂದಿಟ್ಟುಕೊಂಡರೆ 10 ಲಕ್ಷ. ಅರ್ಧ ಜನ ‘ನಾಳೆ ಬಾ’ ಎಂದರೆ 5 ಲಕ್ಷ ಖೋತಾ. ಕಟ್ಟಿದ ಅರ್ಧ ಜನರ ದುಡ್ಡಿನಲ್ಲಿ ಕಟ್ಟದ ಅರ್ಧ ಜನರ ಬೀದಿಗೂ ದೀಪ ಉರಿಯಬೇಕು. ಇದು ಯಾವ ನ್ಯಾಯ?

ಕೇಳುವ ಹಕ್ಕೂ ಉಂಟು

ಹಾಗೆಂದು ಪಂಚಾಯಿತಿಗಳೇನೂ ಸಾಚಾ ಅಲ್ಲ. ಬಿಲ್ಲನ್ನು ಹೊತ್ತಿಗೆ ಸರಿಯಾಗಿ ಮನೆಗೆ ಮುಟ್ಟಿಸದೆ ಐದು ವರ್ಷದ ಬಾಕಿಯನ್ನು ಒಟ್ಟಿಗೆ ತಲೆ ಮೇಲೆ ಹೇರುವುದು, ಹೆಸರಿನ ಒಂದು ಅಕ್ಷರ ತಿದ್ದಲು ಹತ್ತು ಸಲ ಅಲೆಸುವುದು, ಬಿದ್ದುಹೋದ ಮನೆಗೂ ತೆರಿಗೆ ತೋರಿಸುತ್ತಾ ಎದ್ದುನಿಂತ ಎರಡಂತಸ್ತಿನ ಕಟ್ಟಡವನ್ನು ಹಳೇ ಹೆಂಚಿನ ಮನೆ ಎಂದೇ ಬರೆದುಕೊಂಡಿರುವುದು, ಇವೆಲ್ಲ ಜನ ದಿನಾ ಆಡಿಕೊಳ್ಳುವ ದೂರುಗಳು. ಬಡವನ ಬಾಗಿಲಿಗೆ ಮೂರು ಸಲ ಹೋಗುವ ಕಲೆಕ್ಟರು ದೊಡ್ಡವರ ಗೇಟಿನ ಮುಂದೆ ಮೆಲ್ಲಗೆ ಸರಿದುಹೋಗುತ್ತಾನೆ ಎಂಬುದೂ ಆ ದೂರುಗಳಲ್ಲಿ ಒಂದು. ಪಂಚಾಯಿತಿ ಚುನಾವಣೆಯ ನಾಮಪತ್ರ ಹತ್ತಿರ ಬಂದಾಗ ಮಾತ್ರ ಕೆಲವರಿಗೆ ಬಾಕಿಯ ನೆನಪಾಗುತ್ತದೆ. ಬೇಬಾಕಿ ಪತ್ರಕ್ಕೆ ಕಚೇರಿ ಮುಂದೆ ಸಾಲು ನಿಲ್ಲುತ್ತಾರೆ.

ಇದಕ್ಕೆ ಮದ್ದು ಕಟ್ಟದೆ ಕೂರುವುದಲ್ಲ. ತೆರಿಗೆ ಹೆಚ್ಚಾಯಿತು, ಅಳತೆ ತಪ್ಪು ಎಂದಾದರೆ ಬರವಣಿಗೆಯಲ್ಲಿ ಅರ್ಜಿ ಕೊಟ್ಟು ಸ್ವೀಕೃತಿ ಪಡೆಯಬೇಕು. ಕಾಯ್ದೆಯಲ್ಲಿ ಮೇಲ್ಮನವಿಗೂ ಅವಕಾಶ ಇದೆ. ಬಿಲ್ಲು ಬಂತು, ನೋಟೀಸು ಬಂತು, ಆದರೂ ಸುಮ್ಮನಿದ್ದರೆ ಸಾಮಾನು ಜಪ್ತಿ ಮಾಡುವ ಅಧಿಕಾರವೂ ಪಂಚಾಯಿತಿಗೆ ಉಂಟು ಎಂಬುದನ್ನು ಮರೆಯಬಾರದು. ಪ್ರತಿ ವರ್ಷ ಜಮಾಬಂದಿಯಲ್ಲಿ ಪಂಚಾಯಿತಿಯ ಲೆಕ್ಕ ಊರಿನ ಮುಂದೆ ಬಿಚ್ಚಿಡಬೇಕು. ಗ್ರಾಮಸಭೆ ಬೇರೆ ಇದೆ. ಅಲ್ಲಿ ಎದ್ದುನಿಂತು ‘ಬೇಡಿಕೆ ಎಷ್ಟು, ವಸೂಲಿ ಎಷ್ಟು, ದೊಡ್ಡ ಬಾಕಿದಾರರು ಯಾರು?’ ಎಂದು ಕೇಳುವ ಧೈರ್ಯ ರಶೀದಿ ಜೇಬಲ್ಲಿದ್ದವನಿಗೆ ಬರುತ್ತದೆ. ಬಾಕಿ ಇಟ್ಟವನ ಪ್ರಶ್ನೆಗೆ ‘ಮೊದ್ಲು ನಿಂದು ಕಟ್ಟಯ್ಯ’ ಎಂಬ ಒಂದೇ ಉತ್ತರ ಸಾಕು.

ಹಿರಿಯೂರು, ಚಿತ್ರದುರ್ಗ ಪಟ್ಟಣಗಳಲ್ಲೂ ಮನೆ ಇರುವವರಿಗೆ ಇನ್ನೊಂದು ಮಾತು. ನಗರಸಭೆಯ ನಿಯಮ ಬೇರೆ. ಅಲ್ಲಿ 2002ರಿಂದ ಸ್ವಯಂ ಘೋಷಣೆ ಪದ್ಧತಿ. ಮಾಲೀಕನೇ ಲೆಕ್ಕ ಹಾಕಿ ಕಟ್ಟಬೇಕು. ಏಪ್ರಿಲ್‌ನಲ್ಲಿ ಕಟ್ಟಿದವರಿಗೆ ಶೇ. 5 ರಿಯಾಯಿತಿ. ಜೂನ್ ದಾಟಿದರೆ ತಿಂಗಳಿಗೆ ಶೇ. 2 ದಂಡ. ಹಳ್ಳಿಯ ‘ನೋಡಾಣ ಬಿಡು’ ಅಲ್ಲಿ ನಡೆಯುವುದಿಲ್ಲ.

ಈ ವರ್ಷದ ರಶೀದಿ ಕೈಗೆ ಬಂದಾಗ ಮಡಚುವ ಮುನ್ನ ಒಂದು ನಿಮಿಷ ಓದುವುದು ಒಳ್ಳೆಯದು. ಹೆಸರು ಯಾರದಿದೆ? ಅಳತೆ ಮನೆಯದೇ ಹೌದಾ? ವರ್ಷ ಯಾವುದು, ಹಳೇ ಬಾಕಿ ತೀರಿತಾ? ಗೋಡೆಯ ಮೇಲಿನ ಫೋಟೋಗೆ ಹಾರ ಬಿದ್ದು ಹತ್ತು ವರ್ಷವಾಗಿ, ರಶೀದಿಯಲ್ಲಿ ಇನ್ನೂ ಅವರ ಹೆಸರೇ ಇದ್ದರೆ, ಅಣ್ಣತಮ್ಮ ಅಕ್ಕತಂಗಿಯರು ಒಟ್ಟಿಗೆ ಸೇರುವ ಮುಂದಿನ ಹಬ್ಬದಲ್ಲೇ ಆ ಮಾತು ಎತ್ತುವುದು ಕ್ಷೇಮ.

ಟೋಲ್ ಕಟ್ಟಿದವನು ಪರಊರಿಗೆ ಹೋಗುವ ರಸ್ತೆಗೆ ಕಟ್ಟುತ್ತಾನೆ. ಮನೆ ಕಂದಾಯ ಕಟ್ಟುವವನು ತಾನು ಮರಳಿ ಬರುವ ಬೀದಿಗೆ ಕಟ್ಟುತ್ತಾನೆ. ಆ ಬೀದಿಯಲ್ಲಿ ದೀಪ ಉರಿಸುವುದು ಪಂಚಾಯಿತಿಯ ಹೊಣೆ. ಬಿಲ್ ಕಲೆಕ್ಟರನ್ನು ಕಳಿಸುವ ಮುಂಚೆ ಐಮಂಗಲದ ಮತ್ತು ಸುತ್ತಲಿನ ಪಂಚಾಯಿತಿಗಳ ಹಿರಿಯರು ಒಂದು ಸಂಜೆ ಬೀದಿ ಸುತ್ತಿ, ಎಷ್ಟು ಬಲ್ಬು ಉರಿಯುತ್ತಿವೆ ಎಂದು ಎಣಿಸಿ ಬರುವರೇ?